ಮೈಕೋಸಿಸ್ ಫಂಗಾಯ್ಡಿಸ್: ಹೆಸರಲ್ಲಿ ಮಾತ್ರ ಅಣಬೆ

ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಪರಿಚಯದವರೊಬ್ಬರು ಮಂಗಳೂರಿನಿಂದ ಮಗನ ಬಯಾಪ್ಸಿ ರಿಪೋರ್ಟ್ ತಂದಿದ್ದರು. ಹುಡುಗನಿಗೆ ಒಂಬತ್ತು ವರ್ಷ. ಕೊನೆಯ ಸಾಲಿನಲ್ಲಿ ಎರಡು ಪದ: ಮೈಕೋಸಿಸ್ ಫಂಗಾಯ್ಡಿಸ್. ‘ಫಂಗಸ್ ಅಂತ ಉಂಟಲ್ಲ, ಮುಲಾಮು ಹಚ್ಚಿದರೆ ಹೋದೀತು ಅಲ್ವಾ?’ ಎಂದು ಕೇಳಿದರು.

ಮೋಸ ಮಾಡುವುದು ಈ ಹೆಸರೇ. ಗ್ರೀಕಿನ ‘ಮೈಕೆಸ್’ ಅಂದರೆ ಅಣಬೆ. ಲ್ಯಾಟಿನ್ನಿನ ‘ಫಂಗಸ್’ ಅಂದರೂ ಅಣಬೆ. ಕೂಡಿಸಿದರೆ ‘ಅಣಬೆಯಂಥ ಅಣಬೆರೋಗ’! ಪ್ಯಾರಿಸ್ಸಿನ ಚರ್ಮವೈದ್ಯ ಅಲಿಬೇರ್ 1806ರಲ್ಲಿ ಇದನ್ನು ವಿವರಿಸಿದ. ಅವನು ಕಂಡ ರೋಗಿಯ ಮೈಮೇಲೆ, ಮಳೆ ಬಿದ್ದ ಮೇಲೆ ಗುಡ್ಡೆಯಲ್ಲಿ ಏಳುವ ಅಣಬೆಗಳ ಹಾಗೆ ಗಂಟುಗಳು ಎದ್ದಿದ್ದವು. ಆಕಾರ ನೋಡಿ ಇಟ್ಟ ಹೆಸರು ಹಾಗೇ ಉಳಿಯಿತು. ತಮಾಷೆ ನೋಡಿ, ನಾವು ಚಿಬ್ಬು ಎನ್ನುವ ಬಿಳಿ ಕಲೆಗೆ ನಿಜಕ್ಕೂ ಫಂಗಸ್ಸೇ ಕಾರಣ. ಹೆಸರಲ್ಲೇ ಫಂಗಸ್ ಹೊತ್ತ ಇದಕ್ಕೆ ಅಲ್ಲ.

ಇದು ಲಿಂಫೋಮಾ, ಅಂದರೆ ರೋಗ ತಡೆಯುವ ಬಿಳಿ ರಕ್ತಕಣಗಳ ಕ್ಯಾನ್ಸರ್. ಆ ಕಣಗಳಲ್ಲಿ ‘ಟಿ’ ಎಂಬ ಒಂದು ಜಾತಿ ಚರ್ಮದಲ್ಲಿ ಸೇರಿಕೊಂಡು ಲೆಕ್ಕ ತಪ್ಪಿ ಬೆಳೆಯುತ್ತದೆ. ಹೆಚ್ಚಾಗಿ ಐವತ್ತು ದಾಟಿದವರಿಗೆ ಬರುವಂಥದ್ದು, ಮಕ್ಕಳಲ್ಲಿ ಅಪರೂಪ. ನಮ್ಮಂಥ ಕಂದು ಮೈಬಣ್ಣದ ಮಕ್ಕಳಲ್ಲಿ ಗಂಟಿಗಿಂತ ಮಂಕು ಬಿಳಿ ಕಲೆಯಾಗಿಯೇ ಕಾಣುವುದು ಜಾಸ್ತಿ. ತೊಡೆ, ಕುಂಡೆ, ಸೊಂಟ, ಹೀಗೆ ಬಟ್ಟೆಯೊಳಗಿನ ಜಾಗಗಳಲ್ಲಿ. ತೊನ್ನಿನ ಹಾಗೆ ಹಾಲುಬಿಳುಪಲ್ಲ, ಬಣ್ಣ ಅರ್ಧ ಮಾಸಿದಂತೆ. ಕೆಲವೊಮ್ಮೆ ಮೇಲೆ ತೆಳ್ಳಗೆ ಹೊಟ್ಟು. ಕುಷ್ಠದ ಕಲೆಯಲ್ಲಾದರೆ ಸ್ಪರ್ಶ ಮಂದವಾಗುತ್ತದೆ, ಇದರಲ್ಲಿ ಹಾಗಿಲ್ಲ.

ಆ ಹುಡುಗನ ಚಡ್ಡಿಯೊಳಗಿನ ಕಲೆಗೆ ಎರಡು ವರ್ಷ ಏನೇನೋ ಹಚ್ಚಿದ್ದರು. ತೆಂಗಿನೆಣ್ಣೆಗೆ ಕರ್ಪೂರ, ಆಮೇಲೆ ಮೆಡಿಕಲ್ಲಿನಿಂದ ತಂದ ಟ್ಯೂಬು. ಅಂಥ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇದ್ದರೆ ಕಲೆ ಸ್ವಲ್ಪ ತಗ್ಗುತ್ತದೆ, ನಿಲ್ಲಿಸಿದರೆ ಮತ್ತೆ ಬರುತ್ತದೆ. ಬಯಾಪ್ಸಿಯ ಫಲಿತಾಂಶವೂ ಅಸ್ಪಷ್ಟವಾಗಬಹುದು. ಅದಕ್ಕೇ ಹಚ್ಚಿದ್ದನ್ನೆಲ್ಲ ಡಾಕ್ಟರಿಗೆ ಹೇಳಬೇಕು. ಬಯಾಪ್ಸಿ ಅಂದರೆ ಮರಗಟ್ಟಿಸಿ ಕೆಲವೇ ಮಿಲಿಮೀಟರಿನಷ್ಟು ಚರ್ಮ ತೆಗೆಯುವುದು. ಒಮ್ಮೆಗೇ ತೀರ್ಮಾನವಾಗದೆ ಎರಡನೇ ಸಲ ತೆಗೆಯಬೇಕಾಗುವುದೂ ಉಂಟು.

ಕ್ಯಾನ್ಸರ್ ಅಂದ ಕೂಡಲೇ ಕೂದಲು ಉದುರುವ ಔಷಧಿ ನೆನಪಾಗುತ್ತದೆ. ಕಲೆಯ ಹಂತದಲ್ಲಿ ಅದು ಬೇಕಾಗುವುದಿಲ್ಲ. ಡಾಕ್ಟರು ಬರೆದ ಸ್ಟೀರಾಯ್ಡ್ ಮುಲಾಮು, ಜೊತೆಗೆ ಬೆಳಕಿನ ಚಿಕಿತ್ಸೆ. ಕಪಾಟಿನಂಥ ಪೆಟ್ಟಿಗೆ, ಒಳಗೆಲ್ಲ ಉದ್ದುದ್ದ ಟ್ಯೂಬ್‌ಲೈಟುಗಳು. ಮಗು ಕಪ್ಪು ಕನ್ನಡಕ ಹಾಕಿ ಒಳಗೆ ನಿಲ್ಲಬೇಕು. 311 ನ್ಯಾನೋಮೀಟರಿನ ಆಸುಪಾಸಿನ ನೇರಳಾತೀತ ಕಿರಣ ಮಾತ್ರ ಬೀಳುತ್ತದೆ. ಮೊದಲು ಸ್ವಲ್ಪವೇ ಹೊತ್ತು, ಚರ್ಮ ತಾಳಿದಂತೆ ಏರಿಸುತ್ತಾರೆ. ವಾರಕ್ಕೆ ಎರಡು ಮೂರು ಸಲ, ಹಲವು ತಿಂಗಳು. ‘ಅಂಗಳದ ಬಿಸಿಲಿಗೆ ನಿಲ್ಲಿಸಿದರೆ ಸಾಲದಾ?’ ಎಂದು ಅಜ್ಜಿ ಕೇಳಿದರಂತೆ. ಸಾಲದು. ಬಿಸಿಲಿಗೆ ಅಳತೆಯಿಲ್ಲ, ಮೈ ಸುಟ್ಟೀತು.

ಮಕ್ಕಳಲ್ಲಿ ಇದು ಬಹಳ ನಿಧಾನದ ಕಾಯಿಲೆ, ಹೆಚ್ಚಿನವರಲ್ಲಿ ಚರ್ಮ ದಾಟಿ ಒಳಗೆ ಹೋಗುವುದಿಲ್ಲ. ಮಾಸಿದ ಬಣ್ಣ ಮರಳಿದರೆ ಚಿಕಿತ್ಸೆ ಹಿಡಿಯುತ್ತಿದೆ ಎಂದೇ ಅರ್ಥ. ಆದರೆ ಕಲೆ ಮತ್ತೆ ಬರಬಹುದು, ಆದ್ದರಿಂದ ವರ್ಷಗಟ್ಟಲೆ ತೋರಿಸುತ್ತಿರಬೇಕು. ನಮ್ಮವರಿಗೆ ಕಷ್ಟವಾಗಿರುವುದು ಗಡಿಯ ತಲಪಾಡಿ ದಾಟಿ ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಬರುವುದು. ಶಾಲೆಯಲ್ಲಿ ಟೀಚರು ಕೇಳಿದ್ದು ಒಂದೇ, ‘ಅಂಟುತ್ತದಾ?’ ಅಂತ. ಅಂಟುವುದಿಲ್ಲ. ಹುಡುಗ ಮೊದಲು ಕೂರುತ್ತಿದ್ದ ಬೆಂಚಿನಲ್ಲೇ ಕೂತಿದ್ದಾನೆ.