ಖೋ ಬೀಳುವ ತನಕ ಏಳಬಾರದು

ನಮ್ಮ ಹೈಸ್ಕೂಲಿನ ಖೋ ಖೋ ಟೀಮಿಗೆ ನನ್ನ ಕೊಡುಗೆ ಅಂದರೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ್ದು. ಆಡಿದ್ದಲ್ಲ. 8ನೇ ಕ್ಲಾಸಿನಲ್ಲಿ ನಾನು ಮೊದಲ ಬೆಂಚಿನ ಗಿಡ್ಡ. ಹೋಬಳಿ ಮಟ್ಟಕ್ಕೆ ಟೀಮ್ ಆರಿಸುವ ದಿನ ಪಿಟಿ ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಕಣ್ಣಲ್ಲೇ ಅಳೆದು ಹನ್ನೆರಡು ಜನರನ್ನು ಈಚೆಗೆ ಕರೆದರು. ಉಳಿದವರಿಗೆ ಚಪ್ಪಾಳೆ ಹೊಡೆಯುವ ಕೆಲಸ. ಗೆರೆ ಹಾಕಿದವನಿಗೆ ಒಂದೇ ಲಾಭ: ಅಂಕಣದ ಅಂಚಿನಲ್ಲೇ ಕೂತು ನೋಡಬಹುದು.

ಹಾಗೆ ನೋಡಿದ್ದರಿಂದಲೇ ಹೇಳುತ್ತೇನೆ, ಖೋ ಖೋದಲ್ಲಿ ಕಷ್ಟ ಓಡುವುದಲ್ಲ, ಕೂತಿರುವುದು. ಅಟ್ಟಿಸಿಕೊಂಡು ಹೋಗುವ ತಂಡದ ಎಂಟು ಜನ ನಡುಗೆರೆಯ ಮೇಲೆ ಒಬ್ಬ ಆ ಕಡೆ, ಒಬ್ಬ ಈ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಒಂಬತ್ತನೆಯವನು ಓಡುತ್ತಾನೆ. ತಪ್ಪಿಸಿಕೊಳ್ಳುವವನು ಕೂತವನ ಮೂಗಿನ ಮುಂದೆಯೇ ಹಾದು ಹೋಗುತ್ತಾನೆ. ಕೈ ಚಾಚಿದರೆ ಸಿಕ್ಕಿಬಿಡುತ್ತಾನೆ, ಆದರೆ ಚಾಚುವ ಹಾಗಿಲ್ಲ. ಬೆನ್ನಿಗೆ ಕೈ ಬಿದ್ದು 'ಖೋ' ಅನ್ನುವ ತನಕ ಏಳುವ ಹಾಗಿಲ್ಲ, ಎದ್ದರೆ ಫೌಲ್. ಖೋ ಬಿದ್ದ ಮೇಲೆ ಒಂದು ಕ್ಷಣ ತಡ ಮಾಡಿದರೂ ಅವನು ಅಲ್ಲಿರುವುದಿಲ್ಲ. ಎದ್ದು ಒಂದು ದಿಕ್ಕು ಹಿಡಿದರೆ ಅರ್ಧದಲ್ಲಿ ತಿರುಗುವ ಹಾಗೂ ಇಲ್ಲ.

ಲ್ಯಾಬಿನಲ್ಲಿ ಮಕ್ಕಳ ಮೇಲೆ ಮಾಡುವ 'ಗೋ, ನೋ-ಗೋ' ಅನ್ನೋ ಪರೀಕ್ಷೆ ಒಂದಿದೆ. ಪರದೆಯ ಮೇಲೆ ಒಂದು ಗುರುತು ಬಂದರೆ ಬಟನ್ ಒತ್ತಬೇಕು, ಇನ್ನೊಂದು ಬಂದರೆ ಸುಮ್ನೆ ಇರಬೇಕು. ಬೆರಳನ್ನು ತಡೆದುಕೊಳ್ಳಲು ಎಷ್ಟರಮಟ್ಟಿಗೆ ಆಗುತ್ತದೆ ಅನ್ನುವುದನ್ನು ಅದು ಅಳೆಯುತ್ತದೆ. ಖೋ ಖೋ ಅಂದರೆ ಅದೇ ಪರೀಕ್ಷೆ, ಧೂಳಿನಲ್ಲಿ, ಊರವರ ಕೂಗಾಟದ ನಡುವೆ.

ಹೀಗೆ ತಡೆದುಕೊಳ್ಳುವುದರಲ್ಲಿ ದೊಡ್ಡ ಪಾಲು ಹಣೆಯ ಹಿಂದಿರುವ ಮೆದುಳಿನ ಭಾಗದ್ದು. ಪ್ರೀಫ್ರಂಟಲ್ ಕಾರ್ಟೆಕ್ಸ್ ಅಂತಾರೆ. ಅದು ಪೂರ್ತಿ ಬಲಿಯುವ ಹೊತ್ತಿಗೆ ವಯಸ್ಸು ಇಪ್ಪತ್ತು ದಾಟಿ ಇಪ್ಪತ್ತೈದರ ಹತ್ತಿರ ಬಂದಿರುತ್ತದೆ. ಆದರೆ ಗೆಲುವಿನ ಖುಷಿಗೆ, ಗೆಳೆಯರ ಶಹಬ್ಬಾಸ್‌ಗೆ ಕುಣಿಯುವ ಭಾಗಗಳು 13-14ಕ್ಕೇ ಚುರುಕಾಗಿರುತ್ತವೆ. ಹೋರಿಗೆ ಬಲ ಬಂದಿದೆ, ಮೂಗುದಾರ ಇನ್ನೂ ಬಿದ್ದಿಲ್ಲ. ಆ ವಯಸ್ಸಿನಲ್ಲಿ ದಿನಾ ಅರ್ಧ ಗಂಟೆ 'ಈಗ ಬೇಡ, ಈಗ ಬೇಡ, ಈಗ ಹೋಗು' ಅಂತ ಮೈಯನ್ನು ಪಳಗಿಸುವುದು ಸಣ್ಣ ಕೆಲಸವಲ್ಲ.

ಹಾಗಂತ ಖೋ ಖೋ ಆಡಿದವನಿಗೆ ಬೀಜಗಣಿತ ತಾನಾಗಿ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದರಲ್ಲಿ ಕಲಿತ ಚುರುಕು ಇನ್ನೊಂದಕ್ಕೆ ಅಷ್ಟು ಸುಲಭವಾಗಿ ದಾಟುವುದಿಲ್ಲ. ಆಟಕ್ಕೂ ಓದಿಗೂ ಇರುವ ನಂಟು ಬಹುಶಃ ಇನ್ನೂ ಸರಳ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2009ರಲ್ಲಿ ಮಕ್ಕಳನ್ನು 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆಸಿ, ಆಮೇಲೆ ಗಮನದ ಪರೀಕ್ಷೆ ಕೊಟ್ಟರು. ಸುಮ್ನೆ ಕೂತು ಎದ್ದ ದಿನಕ್ಕಿಂತ ನಡೆದು ಬಂದ ದಿನ ಅದೇ ಮಕ್ಕಳು ಚೆನ್ನಾಗಿ ಮಾಡಿದರು.

ಮೆದುಳಿನ ಮಾತು ಬಿಡಿ, ಮೂಳೆಯದ್ದು ಇನ್ನೂ ಸ್ವಾರಸ್ಯದ ಕತೆ. ದೊಡ್ಡವರಾದ ಮೇಲೆ ನಮ್ಮ ಮೂಳೆಯಲ್ಲಿ ಇರುವ ಖನಿಜದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಸೇರುವುದು ಎರಡೇ ವರ್ಷದಲ್ಲಿ, ಮಕ್ಕಳು ಸರಸರ ಬೆಳೆಯುವ ಆ ಎರಡು ವರ್ಷದಲ್ಲಿ. ಹುಡುಗಿಯರಿಗೆ ಅದು ಸುಮಾರು 12ರ ಆಸುಪಾಸು, ಹುಡುಗರಿಗೆ 14ರ ಆಸುಪಾಸು. ಮೂಳೆಯೊಳಗಿನ ಜೀವಕೋಶಗಳು ಮೇಲೆ ಬೀಳುವ ಭಾರವನ್ನು ಗುರುತಿಸಿ, ಎಲ್ಲಿ ಗಟ್ಟಿ ಮಾಡಬೇಕು ಅಂತ ಸುಳಿವು ಕೊಡುತ್ತವೆ. ಅವಕ್ಕೆ ಬೇಕಾಗಿರುವುದು ಜಿಗಿತ, ತಟ್ಟನೆ ನಿಲ್ಲುವುದು, ತಿರುಗುವುದು. ಈಜು, ಸೈಕಲ್ಲು ಎದೆಗೆ ಒಳ್ಳೆಯದು, ಮೂಳೆಗೆ ಅಷ್ಟಾಗಿ ಅಲ್ಲ. ಟೆನಿಸ್ ಆಡುವವರ ರ‍್ಯಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಯದ್ದಕ್ಕಿಂತ ದಪ್ಪ. ಮೈನೆರೆಯುವ ಮುಂಚೆಯೇ ಆಡಲು ಶುರು ಮಾಡಿದ ಹುಡುಗಿಯರಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ.

ಇದರಲ್ಲೊಂದು ತಮಾಷೆ ಇದೆ. ಎತ್ತರ ಮೊದಲು ಬರುತ್ತದೆ, ಗಟ್ಟಿತನ ಸ್ವಲ್ಪ ಹಿಂದೆ. ನಡುವಿನ ಆ ಕೆಲವು ತಿಂಗಳು ಮೂಳೆ ಉದ್ದ ಇದ್ದರೂ ಪೂರ್ತಿ ಬಲ ಬಂದಿರುವುದಿಲ್ಲ. ಮುಂಗೈ ಮುರಿಯುವುದು ಆ ವಯಸ್ಸಿನಲ್ಲೇ ಜಾಸ್ತಿ. ಪ್ರತಿ 8ನೇ ಕ್ಲಾಸಿನಲ್ಲೂ ಒಬ್ಬ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಅದರ ಮೇಲೆ ಎಲ್ಲರ ಸಹಿ ಹೊತ್ತುಕೊಂಡು ಬರುತ್ತಾನೆ ಅಲ್ವಾ? ಅದನ್ನು ನೋಡಿ ಅಪ್ಪ ಅಮ್ಮ ಆಟ ಬಿಡಿಸುತ್ತಾರೆ. ಗಟ್ಟಿಯಾಗುವ ಹೊತ್ತಿಗೆ ಸರಿಯಾಗಿ.

ಸ್ವೀಡನ್ನಿನ ಮಾಲ್ಮೊ ಹತ್ತಿರದ ಬುಂಕೆಫ್ಲೋ ಅನ್ನುವ ಕಡೆ 1999ರಲ್ಲಿ ಒಂದು ಶಾಲೆ ಇದಕ್ಕೆ ಉಲ್ಟಾ ಮಾಡಿತು. ಒಂದನೇ ಕ್ಲಾಸಿನಿಂದ ಒಂಬತ್ತನೆಯವರೆಗೆ ದಿನಾ ಆಟದ ಪಿರಿಯಡ್. ಹೋಲಿಸಿ ನೋಡಲು ಇಟ್ಟುಕೊಂಡ ಮಕ್ಕಳಿಗೆ ಮೊದಲಿನಂತೆ ವಾರಕ್ಕೆ ಎರಡು. ಒಂಬತ್ತು ವರ್ಷದ ಮೇಲೆ ಲೆಕ್ಕ ಹಾಕಿದಾಗ, ದಿನಾ ಆಡಿದ ಹುಡುಗರಲ್ಲಿ 96% ಮುಂದಿನ ಹಂತದ ಓದಿಗೆ ಅರ್ಹರಾಗಿದ್ದರು. ಉಳಿದ ಹುಡುಗರಲ್ಲಿ 83%. ದಿನಾ ಆಡಿದವರ ಮೂಳೆಯೂ ಗಟ್ಟಿಯಾಗಿತ್ತು. ಒಂದೇ ಶಾಲೆ, ಕೆಲವೇ ನೂರು ಮಕ್ಕಳು, ಅಷ್ಟರಿಂದಲೇ ಎಲ್ಲವನ್ನೂ ತೀರ್ಮಾನಿಸಲು ಆಗುವುದಿಲ್ಲ. ಆದರೆ ಆಟಕ್ಕೆ ಕೊಟ್ಟ ಹೊತ್ತು ಅಂಕದಿಂದ ಕಳೆದುಹೋಯಿತು ಅಂತ ಮಾತ್ರ ಅಲ್ಲಿ ಆಗಲಿಲ್ಲ.

ನಮ್ಮಲ್ಲಿ ಜೂನ್‌ನಲ್ಲಿ ಟೈಮ್ ಟೇಬಲ್‌ನಲ್ಲಿದ್ದ ಆಟದ ಪಿರಿಯಡ್ ನವೆಂಬರ್ ಹೊತ್ತಿಗೆ ಗಣಿತದ ಸ್ಪೆಷಲ್ ಕ್ಲಾಸ್ ಆಗಿರುತ್ತದೆ. 'ಪೋರ್ಷನ್ ಮುಗೀಬೇಕು' ಅನ್ನುವ ಮೇಷ್ಟ್ರನ್ನು ನಾನು ಬೈಯುವುದಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟ್ ಕಡಿಮೆ ಬಂದರೆ ನೋಟಿಸ್ ಬರುವುದು ಅವರಿಗೇ ತಾನೆ.

ನನಗೆ ಸಿಟ್ಟು ಬರುವುದು ಉಳಿದ ಪಿರಿಯಡ್ ಯಾರ ಪಾಲಾಗುತ್ತದೆ ಅನ್ನುವುದಕ್ಕೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಗಂಡಸರು, ಹೆಂಗಸರು ಎರಡೂ ವಿಭಾಗದಲ್ಲಿ ಭಾರತವೇ ಗೆದ್ದಿತು. ಗೆದ್ದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ನಾವೆಲ್ಲ ಹಿಗ್ಗಿದೆವು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೋಡಿ. ಈ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಗ್ಗಿಸಬೇಕು ಅಂತ ಅದು ಹೇಳುತ್ತದೆ. 2016ರಲ್ಲಿ ಪ್ರಪಂಚದಾದ್ಯಂತ 11ರಿಂದ 17ರ ಹುಡುಗರಲ್ಲಿ 78%, ಹುಡುಗಿಯರಲ್ಲಿ 85% ಜನ ಅಷ್ಟು ಮಾಡುತ್ತಿರಲಿಲ್ಲ.

ಹುಡುಗಿಯರು ಯಾಕೆ ಬಿಡುತ್ತಾರೆ? ನನ್ನ ತಂಗಿ ಹೈಸ್ಕೂಲಿನಲ್ಲಿ ತಿಂಗಳಿಗೊಂದು ಶನಿವಾರ ಹೊಟ್ಟೆನೋವು ಅಂತ ರಜೆ ಹಾಕುತ್ತಿದ್ದಳು. ಶನಿವಾರ ಅಂದರೆ ಮಾಸ್ ಪಿಟಿ, ಬಿಳಿ ಯೂನಿಫಾರ್ಮ್. ಎಷ್ಟೋ ವರ್ಷದ ಮೇಲೆ ಹೇಳಿದಳು, ನೋವೇನೂ ಇರಲಿಲ್ಲವಂತೆ, ಬಿಳಿ ಬಟ್ಟೆಯ ಭಯವಂತೆ. ಒಂದು ಕಡುನೀಲಿ ಪ್ಯಾಂಟು ಇದ್ದಿದ್ದರೆ ಸಾಕಿತ್ತು.

ಇನ್ನು ಗಿಡ್ಡರ ವಿಷಯ. 14ನೇ ವಯಸ್ಸಿನ ಇಬ್ಬರು ಹುಡುಗರ ಹುಟ್ಟಿದ ತಾರೀಕು ಒಂದೇ ಇರಬಹುದು, ಮೈ ಮಾಗಿರುವುದರಲ್ಲಿ ನಾಲ್ಕು ವರ್ಷದ ಅಂತರ ಇರಬಹುದು. ಒಬ್ಬನಿಗೆ ಮೀಸೆ, ಇನ್ನೊಬ್ಬನಿಗೆ ಹಾಲುಗಲ್ಲ. ಸಾಲಲ್ಲಿ ನಿಲ್ಲಿಸಿ ಕಣ್ಣಲ್ಲಿ ಅಳೆದರೆ ಸಿಗುವವನು ಚೆನ್ನಾಗಿ ಆಡುವವನಲ್ಲ, ಬೇಗ ಬೆಳೆದವನು. ಕಪ್ ಬೇಕಾದ ಶಾಲೆಗೆ ಅವನೇ ಬೇಕು. ಮೂಳೆ ಕಟ್ಟಬೇಕಾದದ್ದು, ತಡೆದುಕೊಳ್ಳುವುದು ಕಲಿಯಬೇಕಾದದ್ದು ಮಾತ್ರ ಚಪ್ಪಾಳೆ ಹೊಡೆಯುತ್ತಾ ಕೂತ ಮೂವತ್ತು ಜನಕ್ಕೂ ಇತ್ತು.

ನಾನು ಉದ್ದವಾಗಿದ್ದು ಫಸ್ಟ್ ಪಿಯುಸಿಯಲ್ಲಿ. ಒಂದೇ ವರ್ಷದಲ್ಲಿ ನಾಲ್ಕು ಇಂಚು. ಸೈನ್ಸ್ ತಗೊಂಡಿದ್ದೆ. ಆ ಕಾಲೇಜು ಒಂದು ಕಾಂಪ್ಲೆಕ್ಸಿನ ಮೂರನೇ ಮಹಡಿಯಲ್ಲಿತ್ತು, ಮೈದಾನ ಇರಲಿಲ್ಲ.