ಎರಡನೇ ಸಲದ ಕೋಪ

ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಎಂಬ ಫ್ರೆಂಚ್ ವಿಜ್ಞಾನಿಗಳಿಗೆ ಸಮುದ್ರಜೀವಿಗಳ ವಿಷದ ಮೇಲೆ ಕುತೂಹಲ. 1902ರ ಸುಮಾರಿಗೆ ಅವರು ಸೀ ಅನಿಮೋನ್ ಎಂಬ ಜೀವಿಯ ವಿಷವನ್ನು ನಾಯಿಗಳಿಗೆ ಚುಚ್ಚಿ ನೋಡುತ್ತಿದ್ದರು. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿ ಮೊದಲ ಚುಚ್ಚುಮದ್ದನ್ನು ಸಲೀಸಾಗಿ ತಡೆದುಕೊಂಡಿತು. ಕೆಲವು ವಾರ ಬಿಟ್ಟು ಮತ್ತೆ ಸ್ವಲ್ಪ ಕೊಟ್ಟರು. ಒಮ್ಮೆ ತಡೆದುಕೊಂಡ ಮೈಗೆ ಎರಡನೇ ಸಲ ಇನ್ನೂ ಸುಲಭ ಆಗಬೇಕು, ಅಲ್ವಾ? ನಾಯಿ ಅರ್ಧ ಗಂಟೆಯೊಳಗೆ ಸತ್ತುಹೋಯಿತು.

ರಿಶೆ ಇದಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. ರಕ್ಷಣೆಗೆ ಉಲ್ಟಾ ಎಂದು ಅರ್ಥ. 1913ರಲ್ಲಿ ಅವರಿಗೆ ನೊಬೆಲ್ ಬಂತು. ಪೋರ್ಟಿಯೆಗೆ ಬರಲಿಲ್ಲ.

ಅಲರ್ಜಿಯಲ್ಲಿ ಆ ಮೊದಲ ಸಲವೇ ಮೋಸದ್ದು. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ತಯಾರಿ ನಡೆದಿರುತ್ತದೆ. ಹೂವಿನ ಪರಾಗವೋ ಕಡಲೆಕಾಯಿಯ ಪ್ರೋಟೀನೋ, ಯಾವುದೋ ನಿರುಪದ್ರವಿ ವಸ್ತುವನ್ನು ಮೈ ಶತ್ರು ಎಂದುಕೊಂಡು ಐಜಿಇ ಎಂಬ ಪ್ರತಿಕಾಯ, ಅಂದರೆ ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್, ತಯಾರಿಸುತ್ತದೆ. ಅದು ಚರ್ಮ, ಕರುಳು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳ ಮೇಲೆ ಹೋಗಿ ಕೂರುತ್ತದೆ. ಈ ಕೋಶಗಳ ಹೊಟ್ಟೆ ತುಂಬ ಊತ, ತುರಿಕೆ ತರಿಸುವ ರಾಸಾಯನಿಕವಾದ ಹಿಸ್ಟಮಿನ್‌ನ ಚೀಲಗಳು. ಅದೇ ವಸ್ತು ಮತ್ತೆ ಬಂದು ಅಕ್ಕಪಕ್ಕದ ಎರಡು ಐಜಿಇಗಳಿಗೆ ಅಂಟಿಕೊಂಡರೆ ಸಾಕು, ಚೀಲಗಳು ನಿಮಿಷಗಳಲ್ಲಿ ಖಾಲಿ. ಮೂಗಿನಲ್ಲಷ್ಟೇ ಆದರೆ ಸೀನು. ಇಡೀ ಮೈಯಲ್ಲಿ ಆದರೆ ರಕ್ತನಾಳಗಳು ಹಿಗ್ಗಿ ಸೋರುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಉಸಿರಿನ ದಾರಿ ಕಟ್ಟುತ್ತದೆ. ಆಗ ಜೀವ ಉಳಿಸುವ ಮೊದಲ ಮದ್ದು ಅಡ್ರಿನಲಿನ್. ಅಲರ್ಜಿ ಮಾತ್ರೆ ನುಂಗಿ ಕಾಯುವುದು ಅಪಾಯ.

1963ರಲ್ಲಿ ಜೆಲ್ ಮತ್ತು ಕೂಂಬ್ಸ್ ಎಂಬ ವಿಜ್ಞಾನಿಗಳು ಇಂಥ ಅತಿಪ್ರತಿಕ್ರಿಯೆಗಳನ್ನು ನಾಲ್ಕು ಬಗೆ ಮಾಡಿದರು. ಮೇಲಿನದು ಮೊದಲನೆಯದು. ಹೊಂದದ ಗುಂಪಿನ ರಕ್ತ ಕೊಟ್ಟಾಗ ಪ್ರತಿಕಾಯಗಳು ಆ ರಕ್ತಕಣಗಳನ್ನು ಒಡೆಯುವುದು ಎರಡನೆಯದು. ಪ್ರತಿಕಾಯಗಳು ತಾವು ಹಿಡಿದ ವಸ್ತುವಿನ ಸಮೇತ ಗಂಟುಕಟ್ಟಿ ಮೂತ್ರಪಿಂಡದಲ್ಲೋ ಕೀಲುಗಳಲ್ಲೋ ಸಿಕ್ಕಿಕೊಂಡರೆ ಮೂರನೆಯದು. ನಿಜವಾದ ಕಾಯಿಲೆಗಳು ಇಷ್ಟು ಶಿಸ್ತಾಗಿ ಸಾಲಿನಲ್ಲಿ ನಿಲ್ಲುವುದಿಲ್ಲ ಬಿಡಿ.

ನನಗೆ ಜಾಸ್ತಿ ಇಷ್ಟವಾಗುವುದು ನಾಲ್ಕನೆಯದು. ಇಲ್ಲಿ ಪ್ರತಿಕಾಯಗಳ ಬದಲು ಟಿ ಕೋಶಗಳೆಂಬ ಬಿಳಿ ರಕ್ತಕಣಗಳೇ ಬರಬೇಕು, ಅವು ಬಂದು ಸೇರಲು ಒಂದೆರಡು ದಿನ ಹಿಡಿಯುತ್ತದೆ. ವಾಚಿನ ನಿಕಲ್ ತಾಗಿ ಕೈ ತುರಿಸುವುದು ಹೀಗೆ. ತಾಗಿದ್ದು ಮೊನ್ನೆ, ತುರಿಕೆ ಇವತ್ತು. ನಾವು ಸುಮ್ನೆ ಇವತ್ತಿನ ಸೋಪನ್ನು ಬೈಯುತ್ತೇವೆ. ವೈದ್ಯರು ಇದೇ ನಿಧಾನವನ್ನು ಉಪಯೋಗಿಸಿಕೊಂಡಿದ್ದಾರೆ. ಕ್ಷಯದ ಚರ್ಮಪರೀಕ್ಷೆಯಲ್ಲಿ ಆ ರೋಗದ ಸೂಕ್ಷ್ಮಾಣುವಿನ ಪ್ರೋಟೀನನ್ನು ಚುಚ್ಚಿ ಮನೆಗೆ ಕಳಿಸಿ, 48ರಿಂದ 72 ಗಂಟೆ ಬಿಟ್ಟು ಬನ್ನಿ ಅನ್ನುವುದು ಟಿ ಕೋಶಗಳಿಗೆ ಸಮಯ ಕೊಡಲಿಕ್ಕೆ. ಹಿಂದೆಂದೋ ಆ ಸೂಕ್ಷ್ಮಾಣುವನ್ನು ಕಂಡಿದ್ದ ಮೈಯಾದರೆ, ಚುಚ್ಚಿದ ಜಾಗ ಅಷ್ಟರಲ್ಲಿ ಗಟ್ಟಿಯಾಗಿ ಉಬ್ಬಿರುತ್ತದೆ.