ಬಿ12 ಏರಿತು, ಗೀಳು ಇಳಿಯಲಿಲ್ಲವೇಕೆ?

ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗಿ, ಮಾಡಿದ್ದನ್ನೇ ಮಾಡಿಸುವ ಗೀಳು ಕಾಯಿಲೆ, ಅಂದರೆ ಒಸಿಡಿ ಇರುವವರನ್ನು ಕರೆತರುವ ಮನೆಯವರು ಈಗೀಗ ಮಾತಿಗೆ ಮೊದಲೇ ರಕ್ತಪರೀಕ್ಷೆಯ ವರದಿಯನ್ನು ನನ್ನ ಮೇಜಿನ ಮೇಲಿಡುತ್ತಾರೆ. ಬಿ12 ಕಡಿಮೆ, ವಿಟಮಿನ್ ಡಿ ಕಡಿಮೆ. "ಕಾರಣ ಸಿಕ್ಕಿತಲ್ಲ ಡಾಕ್ಟರೇ, ಇನ್ನು ಆ ಮನಸ್ಸಿನ ಮಾತ್ರೆ ಬೇಡ, ವಿಟಮಿನ್ ಬರೆದುಕೊಡಿ" ಎನ್ನುತ್ತಾರೆ. ಆ ಮುಖಗಳಲ್ಲಿನ ನೆಮ್ಮದಿ ಕಂಡರೆ ಇಲ್ಲ ಎನ್ನಲು ಸಂಕಟವಾಗುತ್ತದೆ. ಕೆಲವರಂತೂ ಕೇಳುವುದಕ್ಕೂ ಬಂದಿರುವುದಿಲ್ಲ. ತಿಂಗಳ ಹಿಂದೆಯೇ ಒಸಿಡಿಗೆ ಕೊಟ್ಟ ಸರ್ಟ್ರಾಲಿನ್ ಮಾತ್ರೆ ನಿಲ್ಲಿಸಿ, ಕಾಯಿಲೆ ಕೆರಳಿದ ಮೇಲೆ ಬಂದಿರುತ್ತಾರೆ. ನನಗೆ ಸಿಟ್ಟು ಬರುವುದು ಆಗ.

ರಕ್ತದಲ್ಲಿ ಏನೋ ಕಡಿಮೆ ಇದೆ ಎಂದ ಮಾತ್ರಕ್ಕೆ ಕಾಯಿಲೆಗೆ ಅದೇ ಕಾರಣ ಎಂದಲ್ಲ. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಬಿ12 ಕೊರತೆ ತೀರ ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲೂ, ಆಮ್ಲ ತಗ್ಗಿಸುವ ಗ್ಯಾಸ್ಟ್ರಿಕ್ ಮಾತ್ರೆಯನ್ನು ಬಿಡದೆ ತೆಗೆದುಕೊಳ್ಳುವವರಲ್ಲೂ ಅದು ಇಳಿಯುತ್ತದೆ. ಅದೇ ಮನೆಯ ಅಣ್ಣನ ರಕ್ತ ಪರೀಕ್ಷಿಸಿದರೆ ಅವನದೂ ಕಡಿಮೆ ಬಂದೀತು. ಅವನು ಬಾಗಿಲ ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡುವುದಿಲ್ಲ. ಒಸಿಡಿ ಇರುವವರಲ್ಲಿ ಬಿ12 ಕಡಿಮೆ ಎಂದು ಕೆಲವು ಅಧ್ಯಯನಗಳು ತೋರಿಸಿರುವುದು ನಿಜ. ಆದರೆ ಕೊರತೆಯಿಂದ ಗೀಳು ಬಂತೋ, ಗೀಳಿನಿಂದ ಕೊರತೆ ಬಂತೋ ಎಂಬುದನ್ನು ಅಂಥ ಅಧ್ಯಯನ ಹೇಳಲಾರದು. ಎರಡನೆಯದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಬ್ಬ ಕಾಲೇಜು ಹುಡುಗಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹಾಲಿನ ಪ್ಯಾಕೆಟ್ಟನ್ನು ಯಾರು ಯಾರು ಮುಟ್ಟಿರುತ್ತಾರೋ ಎಂದು ಹಾಲು ಬಿಟ್ಟಳು. ಹಾಲಿನ ಜೊತೆ ಮೊಸರು, ಮಜ್ಜಿಗೆಯೂ ಹೋಯಿತು. ಸೊಪ್ಪನ್ನು ಎಷ್ಟು ತೊಳೆದರೂ ಸಮಾಧಾನವಿಲ್ಲ, ಆದ್ದರಿಂದ ಸೊಪ್ಪು ಬೇಡ. ಶೌಚಕ್ಕೆ ಹೋದರೆ ಹೊರಬರಲು ಗಂಟೆ ಹಿಡಿಯುತ್ತದೆಂದು ಊಟವನ್ನೇ ಕಡಿಮೆ ಮಾಡಿದಳು. ಕೊನೆಗೆ ಉಳಿದದ್ದು ತಾನೇ ಒಡೆದ ಪೊಟ್ಟಣದ ಬಿಸ್ಕತ್ತು. ಬಿ12 ಪಾತಾಳಕ್ಕಿಳಿಯದೆ ಇನ್ನೇನಾದೀತು? ಮನೆಯವರು ಇಂಜೆಕ್ಷನ್ ಕೊಡಿಸಿದರು, ವರದಿಯ ಅಂಕಿ ಏರಿತು, ಸುಸ್ತು ಹೋಯಿತು. ಕೈ ತೊಳೆಯುವುದು ಮಾತ್ರ ಹಾಗೆಯೇ ಇತ್ತು. "ಡೋಸ್ ಸಾಲದೇನೋ" ಎಂದು ತಾಯಿ ಕೇಳಿದರು. ಔಷಧಿಯ ಜೊತೆ ವರ್ತನಾ ಚಿಕಿತ್ಸೆ ಶುರುವಾಗಿ ಕೆಲವು ತಿಂಗಳಾದ ಮೇಲೆ ಆ ಹುಡುಗಿ ಅಮ್ಮ ಕಲಸಿಕೊಟ್ಟ ಮೊಸರನ್ನ ತಿಂದಳು. ಆ ಸುದ್ದಿ ನನಗೆ ಯಾವ ಪ್ರಯೋಗಾಲಯದ ವರದಿಗಿಂತಲೂ ದೊಡ್ಡದು.

ಹಾಗಾದರೆ ಕೊರತೆ ಸರಿಪಡಿಸಬೇಡವೇ? ಖಂಡಿತ ಬೇಕು. ಬಿ12 ಇಲ್ಲದಿದ್ದರೆ ಕೈಕಾಲು ಜೋಮು ಹಿಡಿಯುತ್ತದೆ, ಮರೆವು ಬರುತ್ತದೆ, ಮನಸ್ಸು ಕುಗ್ಗುತ್ತದೆ. ನಾನೂ ಬರೆದುಕೊಡುತ್ತೇನೆ, ಕೊರತೆಯ ಚಿಕಿತ್ಸೆಯಾಗಿ.

ಇನೊಸಿಟಾಲ್ ಎಂಬ ಸಕ್ಕರೆಯಂಥ ಪೂರಕದ ಬಗ್ಗೆ ಓದಿಕೊಂಡು ಬರುವವರೂ ಇದ್ದಾರೆ. 1996ರಲ್ಲಿ ಪ್ರಕಟವಾದ ಇಸ್ರೇಲಿನ ಪ್ರಯೋಗವೊಂದರಲ್ಲಿ ದಿನಕ್ಕೆ 18 ಗ್ರಾಂ ಕೊಟ್ಟಾಗ ಪ್ರಯೋಜನ ಕಂಡದ್ದು ಹೌದು. ಅದನ್ನು ಪೂರ್ಣಗೊಳಿಸಿದ ರೋಗಿಗಳು 13 ಮಂದಿ. ಒಸಿಡಿ ಔಷಧಿಗೆ ಇನೊಸಿಟಾಲ್ ಸೇರಿಸಿ ನೋಡಿದಾಗ ಸ್ಪಷ್ಟ ಲಾಭ ಕಾಣಲಿಲ್ಲ. ಎನ್-ಅಸಿಟೈಲ್ ಸಿಸ್ಟೀನ್ ಎಂಬ ಇನ್ನೊಂದು ಪೂರಕ ಕೆಲವು ಪ್ರಯೋಗಗಳಲ್ಲಿ ಗೆದ್ದಿದೆ, ಕೆಲವುಗಳಲ್ಲಿ ಸೋತಿದೆ. ಔಷಧಿಗೆ ಪೂರ್ತಿ ಬಗ್ಗದವರಿಗೆ ಅದನ್ನು ಜೊತೆಗೆ ಕೊಟ್ಟು ನೋಡಬಹುದು, ಬದಲಿಯಾಗಿ ಅಲ್ಲ.

ನನಗೆ ನಿಜವಾದ ಭಯವಿರುವುದು ವೈದ್ಯರಿಗೆ ಹೇಳದೆ ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಡಬ್ಬಿಗಳದ್ದು. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಅಥವಾ 5-ಎಚ್‌ಟಿಪಿ ಎಂಬ ಪೂರಕ ಒಸಿಡಿ ಮಾತ್ರೆಯ ಜೊತೆ ಸೇರಿದರೆ ಮೆದುಳಿನ ರಾಸಾಯನಿಕವಾದ ಸೆರೊಟೋನಿನ್ ಅತಿಯಾಗಿ ಜ್ವರ, ನಡುಕ, ಗೊಂದಲ ಬರಬಹುದು; ಪ್ರಾಣಕ್ಕೂ ಕುತ್ತಾಗಬಹುದು. ವಾರಕ್ಕೊಂದರಂತೆ ಕೆಲವು ವಾರಕ್ಕೆಂದು ಬರೆದ 60,000 ಯೂನಿಟ್ಟಿನ ವಿಟಮಿನ್ ಡಿಯನ್ನು ಮನಬಂದಂತೆ ಮುಂದುವರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಬಿ6 ಅನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ನರಗಳೇ ಹಾಳಾಗುತ್ತವೆ.

ವರ್ಷವಿಡೀ ವಿಟಮಿನ್ ನುಂಗುವ ತಾಳ್ಮೆ ಇರುವವರು ಒಸಿಡಿ ಮಾತ್ರೆಯನ್ನು ಮೂರನೇ ವಾರಕ್ಕೆ "ಕೆಲಸ ಮಾಡುತ್ತಿಲ್ಲ" ಎಂದು ಬಿಡುತ್ತಾರೆ. ದಯವಿಟ್ಟು ಕೇಳಿ: ಈ ಕಾಯಿಲೆಗೆ ಖಿನ್ನತೆಗಿಂತ ಹೆಚ್ಚಿನ ಡೋಸ್ ಬೇಕಾಗುವುದುಂಟು, ಮತ್ತು ಆ ಡೋಸ್ ಫಲ ಕೊಡುತ್ತದೋ ಇಲ್ಲವೋ ಎಂದು ಹೇಳಲು 8ರಿಂದ 12 ವಾರ ಬೇಕು. ಜೊತೆಗೆ, ಹೆದರಿಸುವ ವಸ್ತುವನ್ನು ಮುಟ್ಟಿಸಿ ಕೈ ತೊಳೆಯದೆ ಕೂರಲು ಹಂತ ಹಂತವಾಗಿ ಕಲಿಸುವ ಚಿಕಿತ್ಸೆಯೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ವಿಚಾರಿಸಬಹುದು.

ಮುಂದಿನ ಭೇಟಿಗೆ ಬರುವಾಗ ಮನೆಯಲ್ಲಿರುವ ಎಲ್ಲ ಡಬ್ಬಿ, ಪುಡಿ, ಸ್ಯಾಶೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಮಾತ್ರೆ ನಿಲ್ಲಿಸಿದ್ದರೆ ಮುಚ್ಚಿಡಬೇಡಿ. ನಿಲ್ಲಿಸಿ ಎಷ್ಟು ದಿನವಾಯಿತು ಎಂಬುದನ್ನು ನೋಡಿಯೇ ಮತ್ತೆ ಎಷ್ಟರಿಂದ ಶುರು ಮಾಡಬೇಕೆಂದು ತೀರ್ಮಾನಿಸಬೇಕಾಗುತ್ತದೆ.